ಬೇವಿನ ಮರದ ಕೊನೆಯ ವಾಕ್ಯ

ಅತಿ ಸಣ್ಣ ಕತೆಯ ಕುರಿತು ಮಾತಾಡಬೇಕೆಂದು ಕರೆದಿದ್ದೀರಿ. ಪಂಚತಂತ್ರ, ಜಾತಕ ಕೇಳಿಕೊಂಡು ಬೆಳೆದವರಿಗೆ ಇದರ ಚರಿತ್ರೆ ಹೇಳಬೇಕಿಲ್ಲ. ಎಸ್. ದಿವಾಕರ್ ಸಂಪಾದಿಸಿದ ‘ಜಗತ್ತಿನ ಅತಿ ಸಣ್ಣ ಕತೆಗಳು’ ನಿಮ್ಮಲ್ಲಿ ಹಲವರ ಕಪಾಟಿನಲ್ಲಿ ಇದ್ದೀತು. ಹಾಗಾಗಿ ನಾನು ಬಹುಕಾಲದಿಂದ ತಲೆಯಲ್ಲಿಟ್ಟುಕೊಂಡಿರುವ ಒಂದು ಜಗಳವನ್ನಷ್ಟೇ ನಿಮ್ಮ ಮುಂದೆ ಇಡುತ್ತೇನೆ. ಅದು ಒಂದೇ ಒಂದು ವಾಕ್ಯದ ಜಗಳ.

ಬಂಗಾಳಿಯ ಬನಫೂಲ್ (1899–1979), ಅಂದರೆ ಬಲಾಯಿಚಾಂದ್ ಮುಖೋಪಾಧ್ಯಾಯ, ವೃತ್ತಿಯಲ್ಲಿ ವೈದ್ಯರು. ಭಾಗಲ್ಪುರದಲ್ಲಿ ರೋಗಪರೀಕ್ಷೆಯ ಲ್ಯಾಬ್ ನಡೆಸುತ್ತಲೇ ನೂರಾರು ಕತೆ ಬರೆದರು. ಅವುಗಳಲ್ಲಿ ಎಷ್ಟೋ ಒಂದು ಪುಟ ದಾಟುವುದಿಲ್ಲ. ಮೃಣಾಲ್ ಸೇನರ ‘ಭುವನ್ ಶೋಮ್’ (1969) ಚಿತ್ರದ ಮೂಲ ಇವರದೇ ಕೃತಿ.

ಅವರ ‘ನಿಮಗಾಛ್’ ಕತೆಯಲ್ಲಿ ಇರುವುದು ಮನೆಯೊಂದರ ಬೇವಿನ ಮರ. ಒಬ್ಬ ತೊಗಟೆ ಸುಲಿದು ಕುದಿಸುತ್ತಾನೆ, ಇನ್ನೊಬ್ಬ ಎಲೆ ಅರೆಯುತ್ತಾನೆ. ಯಾರೋ ಚಿಗುರು ಕಿತ್ತು ಬದನೆಕಾಯಿ ಜೊತೆ ಹುರಿಯುತ್ತಾರೆ, ಯಾರೋ ಕಡ್ಡಿ ಮುರಿದು ಹಲ್ಲುಜ್ಜುತ್ತಾರೆ. ಬೇವಿನ ಗಾಳಿ ಒಳ್ಳೆಯದು, ಕಡಿಯಬೇಡಿ ಎಂದು ತಿಳಿದವರು ಹೇಳುತ್ತಾರೆ. ಕಡಿಯುವುದಿಲ್ಲ, ಆದರೆ ಆರೈಕೆ ಮಾಡುವವರೂ ಇಲ್ಲ. ಬುಡದಲ್ಲಿ ಕಸ ಬೀಳುತ್ತದೆ. ಒಂದು ದಿನ ಬೇರೆ ಬಗೆಯ ಮನುಷ್ಯನೊಬ್ಬ ಬರುತ್ತಾನೆ. ಏನನ್ನೂ ಕೀಳದೆ, ಮುರಿಯದೆ, ಎಲೆ ಹೂಗಳನ್ನು ಮನಸಾರೆ ನೋಡಿ, ಮೆಚ್ಚಿ, ಹೊರಟುಹೋಗುತ್ತಾನೆ. ಆತ ಕವಿ. ಮರಕ್ಕೂ ಅವನ ಹಿಂದೆ ಹೋಗುವ ಆಸೆ. ಬೇರು ಬಹಳ ಆಳಕ್ಕೆ ಇಳಿದಿದೆ, ಆಗುವುದಿಲ್ಲ.

ಆಮೇಲೆ ಕೊನೆಯ ವಾಕ್ಯ. ಅದೇ ಮನೆಯ ಗೃಹಿಣಿಯ ಪಾಡೂ ಇದೇ ಎಂದು ಅದು ತಿಳಿಸುತ್ತದೆ.

ನಮ್ಮ ಮೇಷ್ಟ್ರು ಈ ಕತೆಯನ್ನು ತರಗತಿಯಲ್ಲಿ ಓದುವಾಗ ಆ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಿದ್ದರು. ಬೇರಿನ ಮಾತು ಬಂದ ಕೂಡಲೇ ಹಾಳೆ ಮಡಚಿಬಿಡುವರು. ಅದೊಂದು ಸಾಲು ಹೆಚ್ಚಾಯಿತು ಎಂಬುದು ಅವರ ಖಡಾಖಂಡಿತ ತೀರ್ಮಾನ. ಲ್ಯಾಬ್ ವೈದ್ಯರಲ್ಲವೇ, ವರದಿಯ ಕೆಳಗೆ ರೋಗದ ಹೆಸರು ಬರೆಯದೆ ಸಹಿ ಹಾಕಲು ಮನಸ್ಸು ಬರಲಿಲ್ಲ, ಅನ್ನುತ್ತಿದ್ದರು.

ಅವರ ಪರವಾಗಿ ಸಾಕ್ಷಿ ಹೇಳಲು ಉರ್ದು ಕತೆಗಾರ ಮಂಟೋ ಇದ್ದ. ದೇಶವಿಭಜನೆಯ ಬೆನ್ನಿಗೇ 1948ರಲ್ಲಿ ಬಂದ ‘ಸಿಯಾಹ್ ಹಾಶಿಯೇ’ ಸಂಕಲನದಲ್ಲಿ ‘ಕರಾಮಾತ್’ ಎಂಬ ಕತೆಯಿದೆ. ಲೂಟಿಯ ಮಾಲಿಗಾಗಿ ಪೊಲೀಸರು ಮನೆ ಮನೆ ಹುಡುಕುತ್ತಿದ್ದಾರೆ. ಒಬ್ಬ ತಾನು ದೋಚಿ ತಂದ ಎರಡು ಮೂಟೆ ಸಕ್ಕರೆಯನ್ನು ಕತ್ತಲಲ್ಲಿ ಬಾವಿಗೆ ಎಸೆಯಲು ಹೋಗಿ, ಎರಡನೆಯ ಮೂಟೆಯ ಜೊತೆ ತಾನೂ ಬೀಳುತ್ತಾನೆ. ಮೇಲೆತ್ತಿದ ಮೇಲೆ ಕೆಲವು ಗಂಟೆಗಳಲ್ಲಿ ಸಾಯುತ್ತಾನೆ. ಮರುದಿನ ಬಾವಿಯ ನೀರು ಸಿಹಿ. ಆ ರಾತ್ರಿ ಅವನ ಗೋರಿಯ ಮೇಲೆ ದೀಪಗಳು ಉರಿಯುತ್ತವೆ. ಅಷ್ಟೇ. ದೀಪ ಯಾಕೆ ಹಚ್ಚಿದರು, ಯಾರು ಹಚ್ಚಿದರು ಎಂದು ಮಂಟೋ ಹೇಳುವುದಿಲ್ಲ. ಕಳ್ಳತನ, ಸಾವು, ಮಹಿಮೆ, ಭಕ್ತಿ, ಎಲ್ಲವೂ ಒಂದು ಅಹೋರಾತ್ರಿಯ ಒಳಗೆ ನಡೆದುಹೋಗಿದೆ. ಸಣ್ಣ ಕತೆಯೆಂದರೆ ಒಂದು ಕ್ಷಣದ ಕತೆ ಎಂದುಕೊಂಡವರು ಇದನ್ನು ಓದಬೇಕು. ಇಲ್ಲಿ ಘಟನೆಗಳಿಗೆ ಬರವೇ ಇಲ್ಲ, ಕತ್ತರಿ ಬಿದ್ದಿರುವುದು ವಿವರಣೆಗೆ.

ಇಷ್ಟಾದರೂ ಬನಫೂಲ್ ವಿಷಯದಲ್ಲಿ ನಾನು ಮೇಷ್ಟ್ರ ಮಾತು ಒಪ್ಪಲಿಲ್ಲ. ನೂರು ಪದದ ಕತೆಗಳ ಸ್ಪರ್ಧೆಗೆ ತೀರ್ಪುಗಾರನಾಗಿ ಕೂತಾಗ, ಆ ಸಾಲು ಬೇಕೆಂಬ ನನ್ನ ವಾದ ಇನ್ನೂ ಗಟ್ಟಿಯಾಯಿತು. ಬಂದ ಕತೆಗಳಲ್ಲಿ ಬಹಳಷ್ಟು ಕೊನೆಯ ಸಾಲಿಗಾಗಿಯೇ ಹುಟ್ಟಿದವು. ಇಷ್ಟು ಹೊತ್ತು ಮಾತಾಡಿದ್ದು ನಾಯಿ, ಅಥವಾ ಸತ್ತವನು, ಅಥವಾ ಎಲ್ಲ ಕನಸು. ಗುಟ್ಟು ಬಯಲಾದ ಮೇಲೆ ಹಿಂದಿನ ಸಾಲುಗಳಿಗೆ ಕೆಲಸವಿಲ್ಲ, ಎರಡನೇ ಸಲ ಓದಲು ಏನೂ ಉಳಿದಿಲ್ಲ. ಆದರೆ ‘ನಿಮಗಾಛ್’ ಅನ್ನು ಎರಡನೇ ಸಲ ಓದಿ ನೋಡಿ. ಸುಲಿಯುವುದು, ಕುದಿಸುವುದು, ಅರೆಯುವುದು, ಹುರಿಯುವುದು, ಜಗಿಯುವುದು: ಮೊದಲು ಮದ್ದಿನ ಪಟ್ಟಿಯಂತೆ ಕಂಡ ಕ್ರಿಯೆಗಳೆಲ್ಲ ಈಗ ಒಬ್ಬ ಹೆಂಗಸಿನ ಮೈಮೇಲೆ ನಡೆಯುತ್ತವೆ. ಕಡಿಯಬೇಡಿ ಎಂಬ ತಿಳಿದವರ ದಯೆಯನ್ನು ಓದುವಾಗಲಂತೂ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಸಿಟ್ಟು ಹುಟ್ಟಿಸಿದ್ದು ಕೊನೆಯ ವಾಕ್ಯವೇ. ಅದಿಲ್ಲದಿದ್ದರೆ ನಾನು ಮರವನ್ನು ಮರವೆಂದೇ ಓದಿ ಮುಗಿಸುತ್ತಿದ್ದೆ.

ಮೇಷ್ಟ್ರಿಗೆ ಇದನ್ನು ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನಗೆ ಬೇಕಾಯಿತು, ಸರಿ. ಎಲ್ಲರಿಗೂ ಬೇಕೇನಯ್ಯ?” ಎಂದರು. ಈಗ ಅವರಿಲ್ಲ, ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ. ಆ ಮನೆಯ ಗೃಹಿಣಿಯೇ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಈ ಕತೆ ಓದಿದ್ದರೆ, ಎಷ್ಟನೆಯ ಸಾಲಿಗೆ ತನ್ನನ್ನು ಗುರುತಿಸಿಕೊಳ್ಳುತ್ತಿದ್ದಳು? ತೊಗಟೆ ಸುಲಿಯುವಲ್ಲಿಯೇ? ಬುಡದಲ್ಲಿ ಕಸ ಬೀಳುವಲ್ಲಿಯೇ? ಕೊನೆಯ ವಾಕ್ಯ ಅವಳಿಗೆ ಬೇಕಾಗಿರಲಿಲ್ಲ ಅನ್ನುವುದಾದರೆ, ಬನಫೂಲ್ ಅದನ್ನು ಬರೆದದ್ದು ನನ್ನಂಥ ಗಂಡಸು ಓದುಗನಿಗಾಗಿಯೇ? ಹಾಗಿದ್ದ ಪಕ್ಷದಲ್ಲಿ ಅದು ಕತೆಯ ದೋಷವೋ, ನನ್ನ ಓದಿನದೋ?