ನಮ್ಮವ್ವ ಎಲ್ಲಿ ಹೋದ್ಲು?



1968ರಲ್ಲೇ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಿಂದ ಮೆನ್ಲೋ ಪಾರ್ಕ್‌ನ ಸಹೋದ್ಯೋಗಿಯೊಂದಿಗೆ ಒಂದೇ ಪರದೆ ಹಂಚಿಕೊಂಡು ಕೆಲಸ ಮಾಡಿ ತೋರಿಸಿದ್ದರು. ಈಗ ಅದೇ ಪರದೆಯಲ್ಲಿ ಎಐ ಸಹಾಯಕನೂ ಕೂತಿದ್ದಾನೆ.

ಕಳೆದ ಚಳಿಗಾಲದಲ್ಲಿ ನಾನಿಲ್ಲಿ ಫ್ಲೋರಲ್ ಪಾರ್ಕ್‌ನಲ್ಲಿ, ತಮ್ಮ ಧಾರವಾಡದಲ್ಲಿ ಕೂತು, ತೀರಿಹೋದ ಅವ್ವನ ನೆನಪುಗಳನ್ನು ಒಂದೇ ಕಡತದಲ್ಲಿ ಬರೆಯುತ್ತಿದ್ದೆವು. ನನಗೆ ರಾತ್ರಿ, ಅವನಿಗೆ ಬೆಳಗು. ಕಾಗುಣಿತ ತಿದ್ದಲು ಸಹಾಯಕನಿಗೆ ಹೇಳಿದೆ. ಕ್ಷಣದಲ್ಲಿ ತಪ್ಪುಗಳು ಹೋದವು. ಜೊತೆಗೆ ‘ಅವ್ವ’ ಇದ್ದಲ್ಲೆಲ್ಲ ‘ತಾಯಿ’ ಬಂತು. ತಮ್ಮ ಅಂಚಿನಲ್ಲಿ ಬರೆದ: “ಯಣ್ಣಾ, ನಮ್ಮವ್ವ ಎಲ್ಲಿ ಹೋದ್ಲು?”

ಹಳೆಯ ಆವೃತ್ತಿ ಉಳಿದಿತ್ತು; ಅವ್ವ ಮರಳಿದಳು. ಅಂದಿನಿಂದ ನಮ್ಮದೊಂದೇ ನಿಯಮ: ಸಹಾಯಕ ಸಲಹೆ ಕೊಡಲಿ, ಒಪ್ಪಿಗೆ ಒತ್ತುವ ಬೆರಳು ನಮ್ಮದಿರಲಿ. ನಿಮ್ಮ ಮನೆಮಾತನ್ನೂ ಹಾಗೇ ಕಾಯ್ದುಕೊಳ್ಳಿ.