ಸಾಲ ಮಾಡಿದವನು ಕಳ್ಳನಲ್ಲ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವಾಗ ಗೆಳೆಯರೊಬ್ಬರು ನಮ್ಮನ್ನು ಕೇಳಿದರು: "ಮೇಷ್ಟ್ರೇ, ಕೂಲಿಯ ವಿಷಯ ಮಾತಾಡಿ, ಬೋನಸ್ಸಿನ ವಿಷಯ ಮಾತಾಡಿ. ಸಾಲ ಅವರವರ ಮನೆಯೊಳಗಿನ ಮಾತು. ಅದನ್ನೇಕೆ ಬೀದಿಗೆ ತರುತ್ತೀರಿ?"

ಮನೆಯೊಳಗೆ ಮುಚ್ಚಿಟ್ಟಿರುವುದರಿಂದಲೇ ಅದನ್ನು ಬೀದಿಗೆ ತರುತ್ತಿದ್ದೇವೆ. ಹೋರಾಡಿ ಪಡೆದ ಕೂಲಿ ಒಲೆಯ ಹತ್ತಿರ ಬರುವ ಮೊದಲೇ ಬಡ್ಡಿಯವನ ಚೀಲ ಸೇರಿದರೆ ಆ ಹೋರಾಟದ ಫಲ ಯಾರಿಗೆ? ವಸೂಲಿಗೆ ಬರುವವನ ನಿಜವಾದ ಬಲ ಕಾನೂನಲ್ಲ, ನಮ್ಮ ನಾಚಿಕೆ. ನೆರೆಯವರು ಕೇಳಿಸಿಕೊಂಡಾರು ಎಂಬ ಅಂಜಿಕೆಯೇ ಅವನ ಕೈಯ ಕೋಲು.

ನಾವೂ ಆ ಕೋಲಿನ ಏಟು ತಿಂದವರೇ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಗೆಳೆಯರೊಬ್ಬರಿಗೆ ಜಾಮೀನು ನಿಂತೆವು. ಕಾಗದ ಓದದೆ ರುಜು ಹಾಕಿದೆವು. ಮುಂದೆ ಅವರ ಕಂತು ನಿಂತಿತು. ಒಂದು ಬೆಳಿಗ್ಗೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಾಗ ಇಬ್ಬರು ತರಗತಿಯ ಬಾಗಿಲಲ್ಲಿ ನಿಂತು ನಮ್ಮ ಹೆಸರು ಹಿಡಿದು ಕೂಗಿದರು. ಮಕ್ಕಳು ಮಗ್ಗಿ ನಿಲ್ಲಿಸಿ ನಮ್ಮ ಮುಖ ನೋಡಿದರು. ಆ ಸಂಜೆಯೇ ಹೆಂಡತಿಯ ಬಳೆ ಅಡವಿಟ್ಟು ಹಣ ಕೊಟ್ಟೆವು. ರಸೀದಿ ಕೇಳಲು ಬಾಯಿ ಬರಲಿಲ್ಲ. ಆ ಹಣ ಸಾಲದ ಲೆಕ್ಕಕ್ಕೆ ಜಮೆಯೇ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಮಕ್ಕಳಿಗೆ ಲೆಕ್ಕ ಕಲಿಸುವ ನಾವೇ ಹೀಗೆ ಮೋಸಹೋದೆವು. ಕಲಿತ ಪಾಠವನ್ನು ಈಗ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಲೆಕ್ಕ. ಸಂತೆಯ ತರಕಾರಿ ವ್ಯಾಪಾರಿ ಹತ್ತು ಸಾವಿರ ಸಾಲ ಕೇಳುತ್ತಾನೆ. ಒಂದು ಸಾವಿರ ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರು ರೂಪಾಯಿಯಂತೆ ನೂರು ದಿನ ಕಟ್ಟಬೇಕು. "ನೂರಕ್ಕೆ ಹತ್ತು ತಾನೆ?" ಎನ್ನುತ್ತಾರೆ. ಅಲ್ಲ. ದಿನದಿನವೂ ಅಸಲು ಕರಗುವುದರಿಂದ ಆ ನೂರು ದಿನಗಳಲ್ಲಿ ಸರಾಸರಿ ಅವನ ಕೈಯಲ್ಲಿದ್ದದ್ದು ಸುಮಾರು ನಾಲ್ಕೂವರೆ ಸಾವಿರ. ಅದಕ್ಕೆ ತೆತ್ತ ಬಡ್ಡಿ ಒಂದು ಸಾವಿರ. ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ ಎಂಬತ್ತು! "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮಗೆ ಬುದ್ಧಿ ಹೇಳುವವರಿದ್ದಾರೆ. ಹಾಸಿಗೆಯನ್ನು ಇಷ್ಟು ಗಿಡ್ಡವಾಗಿ ಹೊಲಿದವರು ಯಾರೆಂದು ಅವರು ಹೇಳುವುದಿಲ್ಲ.

ಲೇವಾದೇವಿ ಮಾಡುವವರಿಗೆ ಪರವಾನಗಿ ಬೇಕೆಂದು ನಮ್ಮ ರಾಜ್ಯದಲ್ಲಿ 1961ರ ಕಾಯಿದೆ ಇದೆ. ಮೀಟರ್ ಬಡ್ಡಿಯಂಥ ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯಿದೆಯೂ ಇದೆ. ಆದರೂ 2025ರ ಜನವರಿಯಲ್ಲಿ ಏನಾಯಿತು? ಕಿರುಸಾಲದ ವಸೂಲಿಗೆ ಹೆದರಿ ಚಾಮರಾಜನಗರ ಜಿಲ್ಲೆಯಲ್ಲಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯ ಉಳಿಸಿರೆಂದು ಸರ್ಕಾರಕ್ಕೆ ಮೊರೆಯಿಟ್ಟರು. ಅಷ್ಟಾದ ಮೇಲೆ ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಹೊರಟಿತು. ಮಾರ್ಚಿಯಲ್ಲಿ ವಿಧಾನಮಂಡಲ ಅದರ ಮಸೂದೆಯನ್ನು ಅಂಗೀಕರಿಸಿತು. ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿಯವರೆಗೆ ದಂಡ. ಪೋಲೀಸರು ದೂರು ತೆಗೆದುಕೊಳ್ಳಲಾರೆವು ಎನ್ನುವಂತಿಲ್ಲ. ನೋಂದಣಿ, ಪರವಾನಗಿ ಎರಡೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆಯೇ ಲೆಕ್ಕ. ಆದರೆ ಒಂದು ಎಚ್ಚರಿಕೆ: ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಬ್ಯಾಂಕು, ಕಂಪನಿಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲ. ಆಗುತ್ತದೆಂದು ಯಾರಾದರೂ ಹೇಳಿ ಹಣ ಕೇಳಿದರೆ ಅವರೂ ನಿಮ್ಮನ್ನು ಸುಲಿಯಲು ಬಂದವರೇ.

ಹಾಗಾದರೆ ನೋಂದಣಿ ಇರುವವರು ಮನಬಂದಂತೆ ಮಾಡಬಹುದೇ? ಮಾಡಕೂಡದು. 2007ರಲ್ಲಿಯೇ ಸುಪ್ರೀಂ ಕೋರ್ಟು, ಸಾಲ ವಸೂಲಿಗೆ ಗೂಂಡಾಗಳನ್ನು ಕಳಿಸುವುದನ್ನು ಕಟುವಾಗಿ ಖಂಡಿಸಿತು. 2022ರಲ್ಲಿ ರಿಸರ್ವ್ ಬ್ಯಾಂಕು ಕಟ್ಟಳೆ ಹಾಕಿತು: ಬಾಕಿ ಕೇಳಲು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಕೂಡದು. ಮೈಕ್ರೋಫೈನಾನ್ಸ್ ಸಾಲಕ್ಕಾದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಬೈಗುಳ, ಬೆದರಿಕೆ, ಹತ್ತು ಜನರೆದುರು ಅವಮಾನ, ನೆಂಟರಿಷ್ಟರಿಗೆ ಕಾಟ ಇವೆಲ್ಲ ನಿಷಿದ್ಧ. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡವು ಕೇಳುವಂತಿಲ್ಲ. ಸಂಸಾರದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ಮೀರಕೂಡದು.

ಬಾಗಿಲಿಗೆ ಬಂದವನನ್ನು ಹೆದರದೆ, ಕೂಗಾಡದೆ ಕೇಳಿರಿ: "ಗುರುತಿನ ಚೀಟಿ ತೋರಿಸಪ್ಪ. ಕಂಪನಿ ಕೊಟ್ಟ ಅಧಿಕಾರಪತ್ರ ಎಲ್ಲಿದೆ?" ಅವನ ಹೆಸರು, ತಾರೀಖು, ಹೊತ್ತು, ಆಡಿದ ಮಾತು ಒಂದು ಪುಸ್ತಕದಲ್ಲಿ ಬರೆದಿಡಿ. ರಸೀದಿಯಿಲ್ಲದೆ ಒಂದು ಕಾಸೂ ಕೊಡಬೇಡಿ. ಅವನ ಸ್ವಂತ ಖಾತೆಗೆ ಹಣ ಹಾಕಬೇಡಿ. ಅನ್ಯಾಯವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ. ವಿಚಾರಿಸಲು 14448 ಎಂಬ ನಂಬರಿದೆ. ಹೊಡೆತ, ಬೆದರಿಕೆಯಾದರೆ ಮಾತ್ರ 30 ದಿನ ಕಾಯಬೇಡಿ. ಅದೇ ದಿನ ಠಾಣೆಗೆ ಹೋಗಿ.

"ಜೈಲಿಗೆ ಹಾಕಿಸುತ್ತೇವೆ" ಎಂಬುದು ಅವರ ಹಳೆಯ ಪಲ್ಲವಿ. ಕೈಲಾಗದೆ ಸಾಲ ತೀರಿಸಲಾಗದಿದ್ದರೆ ಅದು ಅಪರಾಧವಲ್ಲ. ಬಡತನದಿಂದ ತೀರಿಸಲಾಗದವನನ್ನು ಸೆರೆಯಲ್ಲಿಡುವುದು ನ್ಯಾಯವಲ್ಲವೆಂದು 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಕೋರ್ಟಿನ ಅಮೀನನೂ ಸೂರ್ಯ ಮುಳುಗಿದ ಮೇಲೆ ಜಪ್ತಿಗೆಂದು ಮನೆ ಹೊಗಕೂಡದು. ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಕಸುಬಿನ ಹತ್ಯಾರ, ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ ಇವನ್ನು ಜಪ್ತಿ ಮಾಡುವಂತಿಲ್ಲ. ಕೋರ್ಟಿಗೇ ಇಲ್ಲದ ಅಧಿಕಾರ ಮೋಟಾರು ಸೈಕಲಿನಲ್ಲಿ ಬಂದ ಹುಡುಗನಿಗೆ ಎಲ್ಲಿಂದ ಬಂತು?

ಒಂದು ಮಾತು ಮಾತ್ರ ನೆನಪಿರಲಿ, ಅದರಲ್ಲೂ ಅಂಗಡಿಯವರಿಗೆ. ಚೆಕ್ಕು ವಾಪಸಾದರೆ ಅದು ಕ್ರಿಮಿನಲ್ ಮೊಕದ್ದಮೆ. ಎರಡು ವರ್ಷದವರೆಗೆ ಸಜೆಯಾಗಬಹುದು. ಆದ್ದರಿಂದ ರುಜು ಮಾಡಿದ ಖಾಲಿ ಚೆಕ್ಕನ್ನು ಯಾರ ಕೈಗೂ ಕೊಡಬೇಡಿ. ನೋಟೀಸು ಬಂದರೆ ಮುಚ್ಚಿಡದೆ ಅಂದೇ ವಕೀಲರಿಗೆ ತೋರಿಸಿ. ಹಣ ಕಟ್ಟಲು ಇರುವ ಗಡುವು ನೋಟೀಸು ಕೈಸೇರಿದಂದಿನಿಂದ 15 ದಿನ ಮಾತ್ರ.

ಇನ್ನು ನಮ್ಮ ಪತ್ತಿನ ವಿಷಯ. ಹಿಂದೆ ಒಬ್ಬನ ಪತ್ತು ಪೇಟೆಯ ಜನರ ಬಾಯಲ್ಲಿತ್ತು. ಈಗ ಅದು ಸಿಬಿಲ್ ಮೊದಲಾದ ನಾಲ್ಕು ಕಂಪನಿಗಳ ಕಡತದಲ್ಲಿದೆ. 300ರಿಂದ 900ರವರೆಗಿನ ಅಂಕ ಹಾಕಿ ನಮ್ಮನ್ನು ಅಳೆಯುತ್ತಾರೆ. ನಾವು ಜಾಮೀನು ನಿಂತ ಸಾಲವೂ ಆ ಕಡತಕ್ಕೆ ಬರುತ್ತದೆ. ಪ್ರತಿ ಕಂಪನಿಯಿಂದ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕು ನಮಗಿದೆ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ.

ವಸೂಲಿಗಾರ "ಅರ್ಧ ಕೊಡಿ, ಮುಗಿಸಿಬಿಡೋಣ" ಎಂದರೆ ಹಿಗ್ಗಬೇಡಿ. ಹಾಗೆ ಮುಗಿದ ಸಾಲ ಕಡತದಲ್ಲಿ "ಪೂರ್ತಿ ತೀರಿತು" ಎಂದು ಬರುವುದಿಲ್ಲ, "ರಾಜಿಯಾಯಿತು" ಎಂದು ಬರುತ್ತದೆ. ಮುಂದೆ ಸಾಲ ಕೇಳಲು ಹೋದಾಗ ಆ ಒಂದು ಮಾತು ಅಡ್ಡ ನಿಲ್ಲುತ್ತದೆ. ಬೇರೆ ದಾರಿಯಿಲ್ಲದೆ ರಾಜಿಯಾಗುವುದಾದರೆ ಕಂಪನಿಯ ಪತ್ರ ಕೈಗೆ ಬಂದ ಮೇಲೆ ಹಣ ಕಟ್ಟಿ. ಸಾಲ ಪೂರ್ತಿ ತೀರಿದಾಗ ಬಾಕಿಯಿಲ್ಲವೆಂಬ ಪತ್ರ ಪಡೆದು ಮಕ್ಕಳ ಅಂಕಪಟ್ಟಿಯಂತೆ ಜೋಪಾನ ಮಾಡಿ. ಕಂತು ತಪ್ಪುವ ಸೂಚನೆ ಕಂಡರೆ ತಲೆಮರೆಸಿಕೊಳ್ಳದೆ ಗಡುವಿಗೆ ಮೊದಲೇ ಬ್ಯಾಂಕಿಗೆ ಕಾಗದ ಬರೆದು ಅವಧಿ ಕೇಳಿ. ಒಂದು ಸಾಲ ತೀರಿಸಲು ಹೆಚ್ಚು ಬಡ್ಡಿಯ ಇನ್ನೊಂದು ಸಾಲ ಮಾಡಬೇಡಿ.

ಪಡೆದ ಸಾಲವನ್ನು ತೀರಿಸಬೇಡಿರೆಂದು ನಾವು ಹೇಳುತ್ತಿಲ್ಲ. ದುಡಿಯುವವನಿಗೆ ಮಾತೇ ಆಸ್ತಿ. ನ್ಯಾಯವಾದ ಬಾಕಿಯನ್ನು ತೀರಿಸೋಣ. ಆದರೆ ಅದರ ಜೊತೆಗೆ ಮಾನವನ್ನೂ ಒತ್ತೆಯಿಡಬೇಕಾಗಿಲ್ಲ.

ಕೊನೆಗೆ ತಾಯಂದಿರಲ್ಲಿ ಒಂದು ಬಿನ್ನಹ. ಗುಂಪು ಸಾಲದಲ್ಲಿ ಒಬ್ಬಾಕೆ ಕಂತು ತಪ್ಪಿದರೆ ಉಳಿದವರನ್ನು ಅವಳ ಬಾಗಿಲಲ್ಲಿ ಕೂರಿಸುತ್ತಾರೆ. ಅಕ್ಕಪಕ್ಕದ ಹೆಂಗಸರನ್ನೇ ವಸೂಲಿಗಾರರನ್ನಾಗಿ ಮಾಡುತ್ತಾರೆ. ನಿಮ್ಮ ಮೇಲೂ ಒತ್ತಡವಿದೆಯೆಂದು ನಾವು ಬಲ್ಲೆವು. ಆದರೂ ಆ ಬಾಗಿಲಿಗೆ ಹೋದರೆ ಬೈಯಲು ಹೋಗಬೇಡಿ. ಗಂಡ ಮಲಗಿದ್ದಾನೋ, ಗಿರಣಿ ಮುಚ್ಚಿದೆಯೋ, ಒಲೆ ಹೊತ್ತಿದೆಯೋ ಕೇಳಿರಿ. ಅವಳ ಪರವಾಗಿ ಅವಧಿ ಕೇಳುವ ಕಾಗದಕ್ಕೆ ನೀವೆಲ್ಲ ರುಜು ಹಾಕಿರಿ. ಸಾಲದ ನಾಚಿಕೆಗೆ ಜೀವ ಕಳೆದುಕೊಂಡವರೆಲ್ಲ ಒಂಟಿಯಾಗಿ ಕೂತು ಹೆದರಿದವರು. ನಮ್ಮ ಓಣಿಯಲ್ಲಿ ಯಾರೂ ಹಾಗೆ ಒಂಟಿಯಾಗದಂತೆ ನೋಡಿಕೊಳ್ಳೋಣ.

ಭಾನುವಾರ ಬೆಳಿಗ್ಗೆ ಸಂಘದ ಕಚೇರಿ ತೆರೆದಿರುತ್ತದೆ. ನೋಟೀಸು, ರಸೀದಿ, ಪಾಸ್‌ಪುಸ್ತಕ ಏನಿದ್ದರೂ ತನ್ನಿ. ಓದಲು ಬಾರದವರಿಗೆ ನಾವು ಓದಿ ಹೇಳುತ್ತೇವೆ. ಕಾಗದ ಬರೆದುಕೊಡುತ್ತೇವೆ. ಅಂದು ತರಗತಿಯ ಬಾಗಿಲಲ್ಲಿ ನಮ್ಮ ಜೊತೆ ಯಾರೂ ನಿಂತಿರಲಿಲ್ಲ. ನಿಮ್ಮ ಬಾಗಿಲಿಗೆ ಅವರು ಬಂದಾಗ ಹೇಳಿಕಳಿಸಿ, ನಾವು ಬಂದು ನಿಲ್ಲುತ್ತೇವೆ.