ಈಟನ್ ಸೆಂಟರಿನ ಒಕ್ಕಲುಗಳು

ನಮ್ಮ ವ್ಯಾಕರಣದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವ ಕ್ರಮವಿದೆ. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಹೇಳಿಕೊಟ್ಟವನು ನಾನು. ಆದರೆ ಅನ್ವರ್ಥವಾಗಿದ್ದ ಹೆಸರೊಂದು ತನ್ನ ಅರ್ಥವನ್ನು ನೀಗಿಕೊಂಡು ಬರಿಯ ಅಂಕಿತವಾಗಿ ಉಳಿಯುವ ಬಗೆಯನ್ನು ನಾನು ಕಣ್ಣಾರೆ ಕಂಡದ್ದು ಗ್ರಂಥಗಳಲ್ಲಲ್ಲ. ಕೆನಡಾ ದೇಶದ ಟೊರಾಂಟೊ ನಗರದ ಒಂದು ದೊಡ್ಡ ಮಾಲ್‌ನಲ್ಲಿ. ಅದರ ಹೆಸರು ಈಟನ್ ಸೆಂಟರ್. ಅಲ್ಲಿ ಈಟನ್ ಇಲ್ಲ.

ನನ್ನ ತಂಗಿಯ ಸಂಸಾರ ಆ ಊರಿನಲ್ಲಿ ನೆಲೆಸಿದೆ. ಆ ಕಾರಣದಿಂದ 2013, 2019 ಮತ್ತು 2023ರಲ್ಲಿ ಮೂರು ಬಾರಿ ನಾನು ಅಲ್ಲಿಗೆ ಹೋಗಿ ಬಂದೆ. ಮೂರು ಬಾರಿಯೂ ಆ ಕಟ್ಟಡ ಅದೇ, ಗಾಜಿನ ಕಮಾನು ಛಾವಣಿ ಅದೇ, ಫಲಕದ ಮೇಲಿನ ಹೆಸರೂ ಅದೇ. ಒಳಗಿದ್ದ ಒಕ್ಕಲು ಮಾತ್ರ ಬೇರೆ ಬೇರೆ. ಒಕ್ಕಲು ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ನೆಲೆಯೂರಿದವನೂ ಒಕ್ಕಲೇ, ಬಾಡಿಗೆಗೆ ಬಂದವನೂ ಒಕ್ಕಲೇ. ಒಕ್ಕಲೆಬ್ಬಿಸುವುದೆಂಬ ಕ್ರೂರವಾದ ಕ್ರಿಯಾಪದವೂ ಆ ಮಾತಿನಿಂದಲೇ ಹುಟ್ಟಿದೆ.

ಈಟನ್ ಎಂಬಾತ ಯಾರು? ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ ಹುಟ್ಟಿ ಬೆಳೆದ ನನ್ನ ಸೋದರ ಸೊಸೆಯನ್ನು. ಅವಳು ನಕ್ಕು, “ಅದು ಬರೀ ಹೆಸರು, ಮಾವ” ಎಂದಳು. ಅವಳ ಅಜ್ಜಿಯ ವಯಸ್ಸಿನ ಕೆನಡಾದವರನ್ನು ಕೇಳಿದ್ದರೆ ಉತ್ತರ ಹಾಗಿರುತ್ತಿರಲಿಲ್ಲ. ತಿಮೊತಿ ಈಟನ್ ಐರ್ಲೆಂಡಿನಿಂದ ವಲಸೆ ಬಂದವನು. 1869ರಲ್ಲಿ ಟೊರಾಂಟೊದ ಯಂಗ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ. ಚೌಕಾಸಿ ಮತ್ತು ಸಾಲಗಳೇ ವ್ಯಾಪಾರದ ರೀತಿಯಾಗಿದ್ದ ಕಾಲದಲ್ಲಿ ಅವನು ಒಂದೇ ದರ, ರೊಕ್ಕ ಕೊಟ್ಟೇ ಕೊಳ್ಳಬೇಕು ಎಂದ. ಪದಾರ್ಥ ಮನಸ್ಸಿಗೆ ಒಪ್ಪದಿದ್ದರೆ ಹಣ ವಾಪಸು ಎಂದೂ ಮಾತು ಕೊಟ್ಟ. 1884ರಿಂದ ಅವನ ಕ್ಯಾಟಲಾಗು ಅಂಚೆಯ ಮೂಲಕ ದೇಶದ ಮೂಲೆಮೂಲೆಗೂ ಹೋಗತೊಡಗಿತು. ಪಶ್ಚಿಮದ ಬಯಲುಸೀಮೆಯ ರೈತ ಅದನ್ನು ನೋಡಿ ನೇಗಿಲು, ಲಂಗ, ಮದುವೆಯ ಉಂಗುರ, ಒಂದು ಕಾಲದಲ್ಲಿ ಮನೆ ಕಟ್ಟುವ ಮರಮುಟ್ಟನ್ನು ಸಹ ತರಿಸಿಕೊಳ್ಳುತ್ತಿದ್ದ. ರಾಕ್ ಕ್ಯಾರಿಯರ್ ಎಂಬ ಫ್ರೆಂಚ್ ಕೆನಡಾದ ಲೇಖಕ 1979ರಲ್ಲಿ ‘ದಿ ಹಾಕಿ ಸ್ವೆಟರ್’ ಎಂಬ ಪುಟ್ಟ ಕಥೆ ಬರೆದ. ಕ್ವಿಬೆಕ್ಕಿನ ಹುಡುಗನೊಬ್ಬನಿಗೆ ತಾಯಿ ಈಟನ್ನಿನಿಂದ ಆಟದ ಅಂಗಿ ತರಿಸುತ್ತಾಳೆ. ಬಂದದ್ದು ಎದುರು ಪಕ್ಷದ ಟೊರಾಂಟೊ ತಂಡದ ಅಂಗಿ! ಭಾಷೆ, ಪ್ರಾಂತ, ಅಭಿಮಾನಗಳ ಇಡೀ ಜಗಳ ಒಂದು ಅಂಚೆಯ ಪೊಟ್ಟಣದಲ್ಲಿ ಮಡಿಸಿಕೊಂಡು ಬಂದಂತಿದೆ. ಒಂದು ಅಂಗಡಿ ಒಂದು ದೇಶದ ಕಥಾಸಾಹಿತ್ಯದೊಳಗೆ ಹೀಗೆ ನುಸುಳಬೇಕಾದರೆ ಅದು ಎಷ್ಟು ಆಳಕ್ಕೆ ಬೇರು ಬಿಟ್ಟಿದ್ದಿರಬೇಕು.

ಕ್ಯಾಟಲಾಗು 1976ರಲ್ಲಿ ನಿಂತಿತು. ಮರುವರ್ಷವೇ, 1977ರಲ್ಲಿ, ಈಟನ್ ಸೆಂಟರ್ ತೆರೆಯಿತು; 1979ರಲ್ಲಿ ಪೂರ್ಣವಾಯಿತು. ಎಬರ್‌ಹಾರ್ಡ್ ಜೈಡ್ಲರ್ ಎಂಬ ವಾಸ್ತುಶಿಲ್ಪಿ ಇಟಲಿಯ ಮಿಲಾನಿನ ಗಾಜಿನ ಛಾವಣಿಯ ಅಂಗಡಿಬೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರೂಪಿಸಿದ. ದಕ್ಷಿಣದ ಕ್ವೀನ್ ರಸ್ತೆಯಿಂದ ಉತ್ತರದ ಡಂಡಾಸ್ ರಸ್ತೆಯವರೆಗೆ ಅದರ ಹರಹು. ಎರಡು ತುದಿಗೂ ಒಂದೊಂದು ಸುರಂಗ ರೈಲಿನ ನಿಲ್ದಾಣ. ಉತ್ತರದ ತುದಿಯಲ್ಲಿ ಒಂಬತ್ತು ಅಂತಸ್ತಿನ ಈಟನ್ ಅಂಗಡಿ. ಆಗ ಆ ಹೆಸರು ಪೂರ್ತಿ ಅನ್ವರ್ಥ.

ಇಂಥ ಮಾಲ್‌ಗಳ ಆರ್ಥಿಕ ವ್ಯವಸ್ಥೆ ವಿಚಿತ್ರವಾದದ್ದು. ತುದಿಯಲ್ಲಿರುವ ದೊಡ್ಡ ಅಂಗಡಿಗೆ ಆ ವ್ಯಾಪಾರದವರು ‘ಆಂಕರ್’, ಅಂದರೆ ಲಂಗರು ಎನ್ನುತ್ತಾರೆ. ಅದಕ್ಕೆ ಚದರಡಿಯ ಲೆಕ್ಕದಲ್ಲಿ ಬಾಡಿಗೆ ಬಹಳ ಕಡಿಮೆ. ಏಕೆಂದರೆ ಜನ ಬರುವುದು ಅದನ್ನು ನೋಡಿಕೊಂಡು. ಬಂದವರು ನಡುವಿನ ಓಣಿಯಲ್ಲಿ ಹಾದುಹೋಗುವಾಗ ಚಿಕ್ಕ ಅಂಗಡಿಗಳಿಗೆ ವ್ಯಾಪಾರ. ಆದ್ದರಿಂದ ಹೆಚ್ಚಿನ ಬಾಡಿಗೆಯ ಹೊರೆ ಚಿಕ್ಕವರ ಮೇಲೆ. ಲಂಗರು ಕಿತ್ತು ಹೋದರೆ ತಮಗೆ ಬಾಡಿಗೆ ಇಳಿಸಬೇಕೆಂದು ಕರಾರಿನಲ್ಲಿ ಬರೆಯಿಸಿಕೊಳ್ಳುವ ಚಿಕ್ಕ ಅಂಗಡಿಗಳೂ ಉಂಟು. ದೊಡ್ಡ ಮನೆ ಬಿದ್ದರೆ ಪಕ್ಕದ ಗುಡಿಸಲಿನ ಗೋಡೆಯೂ ಬಿರಿಯುತ್ತದೆಂದು ಅವರು ಬಲ್ಲರು.

ಬಿದ್ದದ್ದು 1999ರಲ್ಲಿ. ಈಟನ್ ಮನೆತನದ ಕಂಪನಿ ದಿವಾಳಿಯೆದ್ದಿತು. ಸಿಯರ್ಸ್ ಕೆನಡಾ ಅದನ್ನು ಕೊಂಡು, ಹೆಸರಿನ ಮೊದಲ ಅಕ್ಷರವನ್ನು ಸಣ್ಣದಾಗಿ ಬರೆದು, ಹೊಸ ಅಂಗಡಿಯೆಂಬಂತೆ ನಡೆಸಲು ಯತ್ನಿಸಿತು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದ ಲಿಪಿಯ ನಮಗೆ ಈ ಉಪಾಯದ ಸೊಗಸು ಸುಲಭವಾಗಿ ಹಿಡಿಯದು. ಅಲ್ಲಿನ ಗಿರಾಕಿಗಳಿಗೂ ಹಿಡಿದಂತೆ ಕಾಣಲಿಲ್ಲ. 2002ರಲ್ಲಿ ಆ ಹೆಸರನ್ನು ಕೈಬಿಟ್ಟು ಸಿಯರ್ಸ್ ಎಂದೇ ಫಲಕ ಹಾಕಿದರು. ಅಂಗಡಿಯ ಐವತ್ತನೆಯ ವರ್ಷದಲ್ಲಿ, ಅಂದರೆ 1919ರಲ್ಲಿ, ನೌಕರರು ಚಂದಾ ಕೂಡಿಸಿ ಮಾಡಿಸಿಕೊಟ್ಟಿದ್ದ ತಿಮೊತಿ ಈಟನ್ನನ ಪ್ರತಿಮೆ ಈಗ ರಾಯಲ್ ಒಂಟಾರಿಯೊ ಮ್ಯೂಸಿಯಮ್ಮಿನಲ್ಲಿದೆ. ಅದೃಷ್ಟ ಬರಲೆಂದು ಜನ ಸವರಿ ಸವರಿ ಆ ಪ್ರತಿಮೆಯ ಬೂಟಿನ ತುದಿ ಹೊಳಪೇರಿದೆ.

ನಾನು 2013ರಲ್ಲಿ ಕಂಡದ್ದು ಸಿಯರ್ಸನ್ನು. ಆ ವರ್ಷದ ಅಕ್ಟೋಬರಿನಲ್ಲಿ ನಡೆದ ಒಪ್ಪಂದವನ್ನು ಕೇಳಿದರೆ ನಮ್ಮ ಕಡೆಯ ಮನೆಯೊಡೆಯರು ನಂಬಲಾರರು. ಕಟ್ಟಡದ ಒಡೆಯರಾದ ಕ್ಯಾಡಿಲಾಕ್ ಫೇರ್‌ವ್ಯೂ ಕಂಪನಿಯವರು, ಇದೂ ಸೇರಿ ಐದು ಜಾಗಗಳನ್ನು ಬಿಟ್ಟುಕೊಡುವುದಕ್ಕಾಗಿ ಸಿಯರ್ಸಿಗೆ 40 ಕೋಟಿ ಕೆನಡಾ ಡಾಲರು ಕೊಡಲು ಒಪ್ಪಿದರು. ಒಕ್ಕಲಿಗೆ ಒಡೆಯನೇ ಹಣ ಕೊಟ್ಟು ಎಬ್ಬಿಸಿದನೆಂದರೆ, ಹಳೆಯ ಕಡಿಮೆ ಬಾಡಿಗೆಯ ಕರಾರು ಎಷ್ಟು ಬೆಲೆಬಾಳುತ್ತಿತ್ತೆಂದು ಊಹಿಸಬಹುದು. ಡಿಸೆಂಬರಿನಲ್ಲಿ ಸಿಯರ್ಸ್ ಕೆನಡಾ ತನ್ನ ಷೇರುದಾರರಿಗೆ 50 ಕೋಟಿ ಡಾಲರಿಗೂ ಮಿಕ್ಕಿದ ಡಿವಿಡೆಂಡನ್ನು ಹಂಚಿತು. 2017ರಲ್ಲಿ ಅದೇ ಕಂಪನಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. 2018ರ ಜನವರಿಯಲ್ಲಿ ಕಡೆಯ ಅಂಗಡಿಗಳು ಮುಚ್ಚಿದವು. ಪಿಂಚಣಿಯ ನಿಧಿಯಲ್ಲಿ 25 ಕೋಟಿ ಡಾಲರಿಗೂ ಹೆಚ್ಚು ಕೊರತೆಯಿತ್ತು. ಸಾವಿರಾರು ಮಂದಿ ನಿವೃತ್ತ ನೌಕರರ ಪಿಂಚಣಿ ಕತ್ತರಿಸಿತು. ತಿಂಗಳ ಮೊದಲ ವಾರ ಬ್ಯಾಂಕಿನ ಪಾಸ್‌ಬುಕ್ಕನ್ನು ನೋಡುವ ನನ್ನಂಥವನಿಗೆ ಇದು ದೂರದೇಶದ ಸುದ್ದಿಯಾಗಿ ತೋರಲಿಲ್ಲ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕಾಲು ಊದಿಸಿಕೊಂಡವನಿಗೆ, ಅವನ ಪಾಲಿನ ಹಣ ಇರುವಲ್ಲಿಲ್ಲವೆಂದು ಹೇಳುವುದು ಹೇಗೆ?

2016ರಲ್ಲಿ ಅಮೆರಿಕದ ನಾರ್ಡ್‌ಸ್ಟ್ರಾಂ ಆ ಜಾಗಕ್ಕೆ ಬಂದಿತು. 2019ರಲ್ಲಿ ನಾನು ನೋಡಿದಾಗ ಅಲ್ಲಿ ಎಲ್ಲವೂ ಶಾಂತ, ಸುಗಂಧಮಯ, ನನ್ನ ಕೈಗೆ ಎಟುಕದ ಬೆಲೆ. 2023ರ ಮಾರ್ಚಿಯಲ್ಲಿ ಆ ಕಂಪನಿ ಕೆನಡಾದಿಂದಲೇ ಕಾಲು ತೆಗೆಯುವುದಾಗಿ ಸಾರಿತು. ಸುಮಾರು 2,500 ಮಂದಿಯ ಕೆಲಸ ಹೋಯಿತು. ಆ ಮೇ ತಿಂಗಳಲ್ಲಿ ತಂಗಿಯೊಡನೆ ಅಲ್ಲಿಗೆ ಹೋದಾಗ ಅರ್ಧ ಬೆಲೆಯ ಮಾರಾಟ ನಡೆದಿತ್ತು. ಉಡುಪು ತೊಡಿಸುವ ಗೊಂಬೆಗಳಿಗೂ, ಅವು ನಿಂತಿದ್ದ ಪೀಠಗಳಿಗೂ ಬೆಲೆಯ ಚೀಟಿ ಅಂಟಿಸಿದ್ದರು. ಗಲ್ಲಾದ ಹೆಣ್ಣುಮಗಳು ನಗುತ್ತಲೇ ಪೊಟ್ಟಣ ಕಟ್ಟಿಕೊಡುತ್ತಿದ್ದಳು. ತಂಗಿ, “ಅಣ್ಣ, ಇವಳೇ ನನಗೆ ಮೊದಲು ಸಿಯರ್ಸಿನಲ್ಲಿಯೂ ಸಿಕ್ಕಿದ್ದಳು” ಎಂದಳು. ನಾನು ಏನನ್ನೂ ಕೊಳ್ಳಲಿಲ್ಲ.

ಈಗ ಆ ಜಾಗವನ್ನು ಹೋಳುಮಾಡಿ ಹಲವರಿಗೆ ಕೊಟ್ಟಿದ್ದಾರೆ. 1840ರಲ್ಲಿ ಕ್ವಿಬೆಕ್ ನಗರದಲ್ಲಿ ಹುಟ್ಟಿದ ಸೈಮನ್ಸ್ ಅಂಗಡಿ 2025ರಲ್ಲಿ ಅದರ ಒಂದು ಭಾಗಕ್ಕೆ ಒಕ್ಕಲಾಗಿ ಬಂದಿದೆ. ಅದೇ ವರ್ಷ ಮಾಲ್‌ನ ದಕ್ಷಿಣದ ತುದಿಗೆ ಸೇತುವೆಯಿಂದ ಕೂಡಿಕೊಂಡಿದ್ದ ಹಡ್ಸನ್ಸ್ ಬೇ ಅಂಗಡಿ ಮುಚ್ಚಿತು. 1670ರ ಕಂಪನಿ ಅದು, ನಮ್ಮಲ್ಲಿ ಶಿವಾಜಿಯ ಪಟ್ಟಾಭಿಷೇಕಕ್ಕಿಂತಲೂ ಹಳೆಯದು. ಅದರ ಹೆಸರನ್ನೂ ಬಣ್ಣದ ಪಟ್ಟೆಗಳ ಗುರುತನ್ನೂ ಬೇರೆ ಮಾಡಿ, ಕೆನೇಡಿಯನ್ ಟೈರ್ ಎಂಬ ಕಂಪನಿಗೆ 3 ಕೋಟಿ ಡಾಲರಿಗೆ ಮಾರಿದರು. ವಸ್ತುವಿನಿಂದ ವಾಚಕವನ್ನು ಬಿಡಿಸಿ ಬೆಲೆ ಕಟ್ಟುವ ಈ ವಿದ್ಯೆ ನಮ್ಮ ಕೇಶಿರಾಜನಿಗೆ ತಿಳಿದಿರಲಿಲ್ಲ.

ಚಿಕ್ಕ ಒಕ್ಕಲುಗಳ ಕಥೆಯನ್ನು ಹೇಳಿ ಮುಗಿಸಲಾಗದು. ಇನ್ನೂರಕ್ಕೂ ಮೇಲ್ಪಟ್ಟ ಅಂಗಡಿಗಳು, ಪ್ರತಿವರ್ಷವೂ ಕೆಲವು ಬರುತ್ತವೆ, ಕೆಲವು ಹೋಗುತ್ತವೆ. ಒಂದನ್ನು ಮಾತ್ರ ನೆನೆಯುತ್ತೇನೆ. 1979ರಲ್ಲಿ ಅಲ್ಲಿ 18 ತೆರೆಗಳ ಚಿತ್ರಮಂದಿರ ತೆರೆದಿತ್ತು. ಬೇರೆಲ್ಲೂ ನೋಡಸಿಗದ ಪರಭಾಷೆಯ ಚಿತ್ರಗಳು ಅದರ ಪುಟ್ಟ ಕೋಣೆಗಳಲ್ಲಿ ನಡೆಯುತ್ತಿದ್ದವಂತೆ. 2001ರಲ್ಲಿ ಅದು ಮುಚ್ಚಿತು.

ಬಾಡಿಗೆ ಕೊಡದ ಒಕ್ಕಲುಗಳೂ ಅಲ್ಲಿವೆ. ಛಾವಣಿಯಿಂದ ತೂಗಿಬಿಟ್ಟ ಅರವತ್ತು ಹೆಬ್ಬಾತುಗಳು ಹಾರುತ್ತ ಕೆಳಗಿಳಿಯುತ್ತಿವೆ. ನಮ್ಮ ಕವಿಗಳಾಗಿದ್ದರೆ ಹಂಸವೆಂದೇ ವರ್ಣಿಸುತ್ತಿದ್ದರು. ಮೈಕೇಲ್ ಸ್ನೋ ಎಂಬ ಕಲಾವಿದ 1979ರಲ್ಲಿ ನಿರ್ಮಿಸಿದ ಶಿಲ್ಪಸಮೂಹವದು. 1982ರ ಕ್ರಿಸ್‌ಮಸ್ಸಿಗೆ ಮಾಲ್‌ನವರು ಆ ಬಾತುಗಳ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದರು. ತನ್ನ ಕೃತಿ ವಿರೂಪವಾಯಿತೆಂದು ಸ್ನೋ ನ್ಯಾಯಾಲಯಕ್ಕೆ ಹೋದ. ಹಣ ಕೊಟ್ಟು ಕೊಂಡ ವಸ್ತುವಾದರೂ ಕರ್ತೃವಿನ ಗೌರವಕ್ಕೆ ಕುಂದು ತರುವ ಹಕ್ಕು ಕೊಂಡವನಿಗಿಲ್ಲವೆಂದು ನ್ಯಾಯಾಲಯ ರಿಬ್ಬನ್ನುಗಳನ್ನು ಬಿಚ್ಚಿಸಿತು. ಲೇಖಕರೆಲ್ಲರೂ ತಿಳಿದಿರಬೇಕಾದ ತೀರ್ಪು ಇದು.

ಇನ್ನೊಂದು ಮಾಲ್‌ನ ಬೆನ್ನಿಗೇ ಇರುವ ಹೋಲಿ ಟ್ರಿನಿಟಿ ಎಂಬ ಇಗರ್ಜಿ. 1847ರಲ್ಲಿ ಕಟ್ಟಿದ್ದು. ಹಣ ಕೊಟ್ಟ ಇಂಗ್ಲೆಂಡಿನ ಮಹಿಳೆ ತನ್ನ ಹೆಸರನ್ನು ಹೊರಗೆಡಹಲಿಲ್ಲ. ಇಗರ್ಜಿಯ ಆಸನಗಳಿಗೆ ಬಾಡಿಗೆ ವಸೂಲು ಮಾಡುತ್ತಿದ್ದ ಕಾಲದಲ್ಲಿ, ಇಲ್ಲಿಯ ಆಸನಗಳು ಎಂದೆಂದಿಗೂ ಎಲ್ಲರಿಗೂ ಮುಕ್ತವಾಗಿರಬೇಕೆಂದು ಷರತ್ತು ಹಾಕಿದಳು. 1960ರ ದಶಕದ ಮೊದಲ ಯೋಜನೆಯಂತೆ ಮಾಲ್‌ಗಾಗಿ ಇದನ್ನೂ ಹಳೆಯ ಪುರಭವನವನ್ನೂ ಕೆಡವಬೇಕಾಗಿತ್ತು. ಊರಿನವರು ಎದ್ದುನಿಂತು ವಿರೋಧಿಸಿದ್ದರಿಂದ ಎರಡೂ ಉಳಿದವು.

2023ರಲ್ಲಿ ನಾರ್ಡ್‌ಸ್ಟ್ರಾಂನ ಆ ಮಾರಾಟದಿಂದ ಹೊರಬಂದು ನಾವು ಅತ್ತ ನಡೆದೆವು. ಪ್ರತಿ ತಿಂಗಳ ಎರಡನೆಯ ಮಂಗಳವಾರ ಅಲ್ಲಿ ಜನ ಸೇರಿ, ಆ ನಗರದಲ್ಲಿ ಸೂರಿಲ್ಲದೆ ಸತ್ತವರ ಹೆಸರುಗಳನ್ನು ಪಟ್ಟಿಗೆ ಸೇರಿಸಿ ಓದುತ್ತಾರೆ. ಪಟ್ಟಿ ಉದ್ದವಾಗಿದೆ. ಹೆಸರು ತಿಳಿಯದೆ ಹೋದ ಗಂಡಸನ್ನು ಜಾನ್ ಡೋ ಎಂದೂ, ಹೆಂಗಸನ್ನು ಜೇನ್ ಡೋ ಎಂದೂ ಬರೆದುಕೊಳ್ಳುತ್ತಾರೆ. ನಾನೂ ತಂಗಿಯೂ ನಿಂತು ಆ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದೆವು. ಪೂರ್ತಿ ಓದುವಷ್ಟರಲ್ಲಿ ಸಂಜೆಯಾಯಿತು.